ಜಯಮ್ಮ ದೊಡ್ಡಮ್ಮನ ಜೀಪು

ಹಿಂದಿನಿಂದ ಹಾರ್ನ್ ಹೊಡೆದು ದಾರಿ ಕೇಳಿದವರಿಗೆ ನಮ್ಮ ಜಯಮ್ಮ ದೊಡ್ಡಮ್ಮ ಒಮ್ಮೆಯಾದರೂ ದಾರಿ ಬಿಟ್ಟದ್ದನ್ನು ನಾನು ಕಾಣೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟಿಯರಿಂಗ್ ಹಿಡಿದರೆಂದರೆ ಮುಗಿಯಿತು. “ಹೊಡ್ಕೊಳ್ಳಲಿ ಬಿಡೇ. ರೋಡೇನು ಅವ್ರಪ್ಪಂದಾ?” ಎನ್ನುತ್ತಿದ್ದರು. ಜಡಿಗೇನಹಳ್ಳಿ ಕಡೆಯ ನಮ್ಮ ತೋಟದ ಸೇವಂತಿಗೆಯನ್ನು, ದೊಡ್ಡಪ್ಪ ಬಿಟ್ಟುಹೋದ ಹಳೇ ಪೆಟ್ರೋಲ್ ಜೀಪಿನಲ್ಲಿ ತುಂಬಿಕೊಂಡು ಹೊಸಕೋಟೆಗೆ ತಾವೇ ಒಯ್ದು ಮಾರುತ್ತಿದ್ದರು. ವ್ಯಾಪಾರಕ್ಕೆ ಬೇರೆಯವರು ಬಾಯಿ ಹಾಕಿದರೋ, ಅವರ ಗ್ರಹಚಾರ.

ಒಂದು ವರ್ಷ ಆಯುಧಪೂಜೆ ಕಳೆದದ್ದೇ ಜೀಪು ಮಿಸ್ ಹೊಡೆಯತೊಡಗಿತು. ಸಣ್ಣ ಗುಂಡಿಗೆ ಇಳಿದರೂ ಸಾಕು, ಕೆಮ್ಮಿ ಕೆಮ್ಮಿ ದಮ್ಮು ಕಟ್ಟುತ್ತಿತ್ತು. ಮೆಕ್ಯಾನಿಕ್ ಪ್ಲಗ್ ಬದಲಿಸಿದ, ಕಾರ್ಬುರೇಟರ್ ತೊಳೆದ. ಮನೆ ಸೇರುವಷ್ಟರಲ್ಲಿ ಮತ್ತೆ ಅದೇ ರಾಗ. ದೊಡ್ಡಮ್ಮನ ಮೈದುನ, ಅಂದರೆ ನಮ್ಮ ನಾಗರಾಜ ಚಿಕ್ಕಪ್ಪ, ಇದಕ್ಕೇ ಕಾದಿದ್ದವರ ಹಾಗೆ ಬಂದರು.

“ಗುಜರಿಗೆ ಹಾಕ್ಬಿಡಿ ಅತ್ಗೆ. ಹೂವ ನನ್ ಗಾಡೀಲೇ ಹೋಗ್ಲಿ. ನೀವು ಮನೇಲಿ ಆರಾಮಾಗಿರಿ.”

ಹೂವು ಅವರ ಗಾಡಿ ಹತ್ತಿದರೆ ವ್ಯಾಪಾರವೂ ಅವರ ಕೈಗೇ ಹೋದಂತೆ. ಅದು ದೊಡ್ಡಮ್ಮನಿಗೆ ಗೊತ್ತಿಲ್ಲವೇ?

“ನಾಳೆ ನಾನೇ ಹೋಗ್ತೀನಿ. ಹೋಗ್ದಿದ್ರೆ ಆಮೇಲೆ ಮಾತಾಡು” ಎಂದು ಬಾನೆಟ್ ಎತ್ತಿದರು.

ಅದೇ ಜೀಪಿನಲ್ಲಿ ನನಗೂ ಗಾಡಿ ಕಲಿಸಿದ್ದರು. “ಲೇ ಕವಿತಾ, ಹತ್ತು. ಆಕ್ಸಿಲೇಟ್ರು ಒತ್ಕೊಂಡೇ ಇರು” ಎಂದರು. ನಿಂತಲ್ಲಿ ಇಂಜಿನ್ ಚೆನ್ನಾಗಿಯೇ ಓಡಿತು. ಅವರು ಒಣಕಡ್ಡಿಯಿಂದ ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ಬಂದರು. ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಕಾಯಿಲ್‌ನ ವೈರು ಅಲ್ಲಾಡಿದ್ದೇ ತಡ, ಇಂಜಿನ್ ತಡವರಿಸಿತು. ಬಿಟ್ಟರೆ ಸರಿಹೋಯಿತು. ನಾನು ಆಫ್ ಮಾಡಿ ಇಳಿದು ಇಣುಕಿದೆ. ಹಬ್ಬಕ್ಕೆ ಮುಂದುಗಡೆ ಬಾಳೆಕಂದು ಕಟ್ಟಿದ್ದ ಕಬ್ಬಿಣದ ತಂತಿ ಜಾಲರಿಯ ಸಂದಿಯಿಂದ ಒಳಗೆ ತೂರಿ ಆ ವೈರಿಗೇ ಸುತ್ತಿಕೊಂಡಿತ್ತು! ಬಾಳೆ ಕಿತ್ತು ಹಸುವಿಗೆ ಹಾಕಿದ್ದೆವು, ತಂತಿಯನ್ನು ಮರೆತಿದ್ದೆವು. ಗಾಡಿ ಕುಲುಕಿದಾಗಲೆಲ್ಲ ಅದು ಉಜ್ಜಿ ಉಜ್ಜಿ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು, ಕರೆಂಟು ಜೀಪಿನ ತಗಡಿಗೆ ಸೋರಿಹೋಗುತ್ತಿತ್ತು.

“ಯಾರು ಹಿಂಗೆ ಕಟ್ಟಿದ್ದು? ಬುದ್ಧಿ ಬೇಡ್ವಾ?” ಎಂದು ಚಿಕ್ಕಪ್ಪ ನಕ್ಕರು.

“ನಾನೇ ಕಣಪ್ಪಾ. ನಾನೇ ಕಟ್ಟಿದ್ದು, ನಾನೇ ಬಿಚ್ತೀನಿ. ಏನೀಗ?”

ತಂತಿ ಕತ್ತರಿಸಿ, ವೈರಿಗೆ ಟೇಪು ಸುತ್ತಿದರು. ಮರುದಿನ ಬೆಳಗ್ಗೆ ಹೂವಿನ ಮೂಟೆಗಳ ಜೊತೆ ನನ್ನನ್ನೂ ಕೂರಿಸಿಕೊಂಡು ಹೊರಟರು. ಬೇಕೆಂದೇ ಚಿಕ್ಕಪ್ಪನ ಮನೆಯ ಮುಂದಿನ ಗುಂಡಿಬಿದ್ದ ದಾರಿಯನ್ನೇ ಹಿಡಿದರು. ಜೀಪು ಒಮ್ಮೆಯೂ ಕೆಮ್ಮಲಿಲ್ಲ.

ಹೋದ ಮಾಘದಲ್ಲಿ ದೊಡ್ಡಮ್ಮ ತೀರಿಕೊಂಡರು. ಅಯ್ಯೋ, ಅವರ ಆ ಜೋರು ಬಾಯಿಲ್ಲದ ಮನೆಯಲ್ಲಿ ಇರುವುದಕ್ಕೇ ಆಗುತ್ತಿರಲಿಲ್ಲ. ತಿಥಿಯ ಊಟ ಮುಗಿಸಿ ಬಂದ ಚಿಕ್ಕಪ್ಪ ಜೀಪನ್ನು ಒಂದು ಸುತ್ತು ಹಾಕಿ, ಮೆತ್ತಗೆ, “ಇನ್ಯಾರಮ್ಮಾ ಓಡಿಸ್ತಾರೆ ಇದನ್ನ? ಕೊಟ್ಬಿಡಾನ” ಎಂದರು.

ನಾನು ಹತ್ತಿ ಕೂತು ಸ್ಟಾರ್ಟ್ ಮಾಡಿದೆ.

“ಸ್ವಲ್ಪ ಸರ್ಕೊಳ್ಳಿ ಚಿಕ್ಕಪ್ಪ. ಬೆಳಗ್ಗೆ ಹೂವ ತುಂಬ್ಬೇಕು, ಗಾಡಿ ತೋಟದ್ ಹತ್ರ ನಿಲ್ಲಿಸ್ತೀನಿ.”