ಬಾಟನಿ ಮೇಡಂ ಕಟ್ಟಿದ ಲಿನಕ್ಸ್

ಹಳೆಯ ಕಂಪ್ಯೂಟರಿನೊಳಗಿನ ಧೂಳು ಬಿಸಿಯಾದಾಗ ಒಂದು ಕಮಟು ವಾಸನೆ ಬರುತ್ತದೆ. ಮೊನ್ನೆ ನಮ್ಮ ಮದ್ದೂರಿನ ಕಾಲೇಜು ಲ್ಯಾಬಿನಲ್ಲಿ ಅದು ಮೂಗಿಗೆ ಬಡಿದದ್ದೇ ಬಾಟನಿ ಮೇಡಂ ನೆನಪಾದರು. ಜೊತೆಗೆ ಆಗಿನ ಹೊಟ್ಟೆಯುರಿಯೂ...

ನಾನು ಕಂಪ್ಯೂಟರ್ ಮೇಷ್ಟ್ರು. ಮೇಡಂ ಜಲವಿದ್ಯುತ್ ತಯಾರಾಗುವ ಬ್ಲಫ್‌ನಲ್ಲಿ ಬೆಳೆದವರು, ತಂದೆ ಅಲ್ಲಿನ ಪವರ್‌ಹೌಸಿನಲ್ಲಿದ್ದರು. ಕಬ್ಬಿನ ಎಲೆಯ ರೋಗಗಳನ್ನು ಮಕ್ಕಳಿಂದ ಮೈಕ್ರೋಸ್ಕೋಪಿನಲ್ಲಿ ನೋಡಿಸಿ, ಚಿತ್ರ ತೆಗೆಸಿ, ಅಳತೆ ಮಾಡಿಸಬೇಕೆಂಬುದು ಅವರ ಹಟ. ಕಂಪ್ಯೂಟರುಗಳೋ ಗುಜರಿಗೆ ಹೋಗುವಂಥವು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಅನ್ನೋ ತಂತ್ರಾಂಶ ಬಿಟ್ಟಿ ಸಿಗುತ್ತೆ, ಅದರಲ್ಲಿ ಬೇಡದ್ದನ್ನೆಲ್ಲ ಕಿತ್ತು ಈ ಕೆಲಸಕ್ಕೆಂದೇ ಒಂದನ್ನು ಕಟ್ಟಿಕೊಂಡರೆ ಈ ಹಳೆಯವೂ ಓಡುತ್ತವೆ ಅಂದವನು ನಾನೇ.

"ಹಾಗಾದ್ರೆ ನಾನೂ ಒಂದು ಕೈ ನೋಡ್ತೀನಿ ಸಾರ್," ಅಂದರು. ನಾನು ನಕ್ಕೆ.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಇಬ್ಬರದೂ ಸಿದ್ಧವಾಗಿತ್ತು. ಅಂಕಿಅಂಶಕ್ಕೆ, ಗ್ರಾಫಿಗೆ, ನಕ್ಷೆಗೆ... ವಿಜ್ಞಾನಕ್ಕೆಂದು ಸಿಕ್ಕ ತಂತ್ರಾಂಶವನ್ನೆಲ್ಲ ನನ್ನದರಲ್ಲಿ ತುಂಬಿದ್ದೆ. ಅವರದನ್ನು ಆನ್ ಮಾಡಿದರೆ ನೇರವಾಗಿ ಮೈಕ್ರೋಸ್ಕೋಪಿನ ಚಿತ್ರ. ಕೆಳಗೆ ಮೂರು ಬಟನ್: 'ಹಿಡಿ', 'ಅಳೆ', 'ಉಳಿಸು'. ಅಷ್ಟೆ. ಪ್ರಿನ್ಸಿಪಾಲರು ಎರಡನ್ನೂ ಮಕ್ಕಳ ಮುಂದಿಟ್ಟರು. ಬೆಸಗರಹಳ್ಳಿಯ ಹುಡುಗಿಯೊಬ್ಬಳು ಹೇಳಿಯೇಬಿಟ್ಟಳು:

"ಮೇಡಮ್ಮೋರ್ದೇ ಇರ್ಲಿ ಬುಡಿ ಸಾ. ನಿಮ್ದು ಎದ್ದೇಳೋ ಒತ್ಗೆ ನಮ್ ಬಸ್ಸೇ ಒಂಟೋಯ್ತದೆ."

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಅವರೂ ನಕ್ಕಿದ್ದರೆ ಮನಸ್ಸಿನಲ್ಲೇ ಬೈದುಕೊಂಡು ಹಗುರಾಗುತ್ತಿದ್ದೆ.

ಆಮೇಲೆ ಮಂಡ್ಯದಿಂದ, ಮಳವಳ್ಳಿಯಿಂದ ಬೇರೆ ಕಾಲೇಜಿನವರು ಬಂದು ಅದನ್ನೇ ಕಾಪಿ ಮಾಡಿಕೊಂಡು ಹೋದರು. ಸ್ಟಾಫ್‌ರೂಮಿನಲ್ಲಿ ಅದೇ ಮಾತು. ನನಗೆ ಊಟ ರುಚಿಸುತ್ತಿರಲಿಲ್ಲ. ಅವರು ಕಟ್ಟಿದ್ದರ ಒಂದೊಂದು ಫೈಲನ್ನೂ ಬಿಚ್ಚಿ ತಪ್ಪು ಹುಡುಕುತ್ತ ಕೂತೆ. ಕಡೆಗೂ ಸಿಕ್ಕಿತು. ಮಧ್ಯೆ ಕರೆಂಟು ಹೋದರೆ ಅಲ್ಲಿಯವರೆಗಿನ ಅಳತೆಯೆಲ್ಲ ಅಳಿಸಿಹೋಗುತ್ತಿತ್ತು! ಓಡಿಹೋಗಿ ಎಲ್ಲರೆದುರಿಗೇ ಹೇಳಿದೆ.

"ಅಯ್ಯೋ, ಹೌದಲ್ಲ! ಬ್ಲಫ್‌ನಲ್ಲಿ ಬೆಳೆದವಳು ನೋಡಿ, ಕರೆಂಟು ಹೋಗುತ್ತೆ ಅನ್ನೋದೇ ಹೊಳೀಲಿಲ್ಲ," ಅಂತ ಮನಸಾರೆ ನಕ್ಕು, "ಬನ್ನಿ ಸಾರ್, ಈಗ್ಲೇ ಸರಿ ಮಾಡೋಣ," ಅಂತ ನನಗೊಂದು ಕುರ್ಚಿ ಎಳೆದರು. ಕೂತೆ. ಸಂಜೆಯವರೆಗೂ ಸೇರಿ ಸರಿ ಮಾಡಿದೆವು. ಹೊಟ್ಟೆಯುರಿ ಮಾತ್ರ ಆರಲಿಲ್ಲ; ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವುದೂ ನನಗೆ ಬರುತ್ತಿರಲಿಲ್ಲವಲ್ಲ...

ಮೇಡಂ ಸರ್ವೀಸಿನಲ್ಲಿರುವಾಗಲೇ ಕಾಯಿಲೆ ಬಿದ್ದು ತೀರಿಕೊಂಡರು. ಈಗ ಅವರ ಲಿನಕ್ಸನ್ನು ನೋಡಿಕೊಳ್ಳುವವನು ನಾನೇ. ಹೋದ ವಾರ ತಡೆಯಲಾರದೆ ಅದಕ್ಕೆ ನನ್ನದೊಂದು ನಾಲ್ಕನೆಯ ಬಟನ್ ಸೇರಿಸಿದೆ. ವಾರವಾದರೂ ಒಂದು ಮಗುವೂ ಅದನ್ನು ಒತ್ತಲಿಲ್ಲ. ಇವತ್ತು ಕಿತ್ತುಹಾಕಿದೆ. ಮತ್ತೆ ನೀವೇ ಗೆದ್ದಿರಿ ಅಂತ ಹೇಳೋಣವೆಂದರೆ ಅವರಿಲ್ಲ.