ಮಗುಚಿ ಹಾಕಿದ ಹಲಗೆ

ಎಲ್ಲರೂ ಅವನನ್ನು ಗೆರೆ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನು ಪೆನ್ಸಿಲಿನಲ್ಲಿ ಗೆರೆ ಎಳೆದನೆಂದರೆ ಮುಗಿಯಿತು, ಗರಗಸ ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಅಡುಗೆಮನೆಗೆ ಮರದ ಕಟ್ಟೆ ಬೇಕೆನ್ನುವವರೆಲ್ಲ ಅವನ ಶೆಡ್ಡಿಗೇ ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಇತ್ತಲ್ಲ!

ನಯವಾದ ಹಲಗೆಗೆ ದಪ್ಪ ಹಲ್ಲಿನ ಬ್ಲೇಡು ಹಾಕುವವರನ್ನು ಕಂಡರೆ, "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ" ಎಂದು ಬೀದಿಗೆಲ್ಲ ಕೇಳುವಂತೆ ಛೇಡಿಸುತ್ತಿದ್ದ. ಅವನ ಲೆಕ್ಕದಲ್ಲಿ ಉದ್ದದ ಕೊಯ್ತಕ್ಕೆ ಚಕ್ರದ ಗರಗಸ, ಅದಕ್ಕೆ ಸಣ್ಣ ಹಲ್ಲಿನ ಬ್ಲೇಡು. ಸಿಂಕಿನ ತೂತಿಗೆ ಕಡ್ಡಿಯಂಥ ಬ್ಲೇಡಿನ ಜಿಗ್‌ಸಾ. ಎರಡೂ ಕೆಳಗಿನಿಂದ ಮೇಲಕ್ಕೆ ಕಚ್ಚುವ ಜಾತಿ. ಮೇಲಿನ ಮೈಯಲ್ಲಿ ಸಿಬಿರು ಎಬ್ಬಿಸುತ್ತವೆ. ಆದ್ದರಿಂದ ಚೆಂದದ ಮೈಯನ್ನು ಕೆಳಗೆ ಮಾಡಿ, ಹಲಗೆಯ ಬೆನ್ನಿನ ಮೇಲೆ ಗೆರೆ ಎಳೆದು ಕೊಯ್ಯಬೇಕು. ಪೇಚು ಇರುವುದು ಅಲ್ಲೇ. ಮಗುಚಿದ ಹಲಗೆಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದನ್ನು ಮರೆತವರನ್ನು ಮೇಸ್ತ್ರಿ ಕ್ಷಮಿಸಿದ್ದೇ ಇಲ್ಲ. "ಇಂಥವರ ಕೈಗೆ ಗರಗಸ ಕೊಡಬಾರದು" ಎಂದು ಮಷಿನ್ ಕಿತ್ತುಕೊಂಡು ಮನೆಗೆ ಅಟ್ಟುತ್ತಿದ್ದ.

ಹಾಗೆ ಅಟ್ಟಿಸಿಕೊಂಡವರಲ್ಲಿ ಅವನ ಹೆಂಡತಿಯ ತಮ್ಮನೂ ಒಬ್ಬ. ಅಕ್ಕ ಹೇಳಿದ ಮೇಲೆ ತಿರುಗಿ ಬಂದವನು ಶೆಡ್ಡಿನಲ್ಲೇ ಉಳಿದುಬಿಟ್ಟ. ತಲೆಯೆಲ್ಲ ನೆರೆತಿದ್ದರೂ ಭಾವನ ಬಾಯಲ್ಲಿ ಅವನು ಇನ್ನೂ 'ಮರಿ'.

ಭಾವನ ನೆನಪು ಜಾರುತ್ತಿರುವುದು ಮೊದಲು ಕಂಡದ್ದೂ ಮರಿಗೇ. ಕೈ ನಡುಗುತ್ತಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಆದರೆ ಅಳತೆ ತೆಗೆದು ಬಂದ ಮನೆ ಯಾವುದೆಂದು ದಾರಿಯಲ್ಲೇ ಮರೆಯುತ್ತಿದ್ದ. ಕಿವಿಯ ಮೇಲೇ ಪೆನ್ಸಿಲ್ ಇಟ್ಟುಕೊಂಡು ಶೆಡ್ಡೆಲ್ಲ ಹುಡುಕುತ್ತಿದ್ದ. ಮೊದಮೊದಲು ಇಬ್ಬರೂ ನಕ್ಕರು. ಒಂದು ದಿನ ಬ್ಲೇಡು ತಿರುಗುತ್ತಿರುವಾಗಲೇ ಗರಗಸವನ್ನು ತೊಡೆಯ ಹತ್ತಿರ ಇಳಿಸಿ, "ಯಾಕಿದು ಇಷ್ಟು ಸದ್ದು ಮಾಡ್ತಿದೆ?" ಎಂದು ಕೇಳಿದ. ಅಂದಿನಿಂದ ಮರಿಗೆ ನಗು ಬರಲಿಲ್ಲ. ಗೆರೆ ತಾನೇ ಎಳೆಯತೊಡಗಿದ. ಭಾವ ಕೊಯ್ಯುವಾಗ ಪ್ಲಗ್ಗಿನ ಪಕ್ಕದಲ್ಲೇ ನಿಲ್ಲತೊಡಗಿದ.

ಊರಿಗೆಲ್ಲ ಮರದ ಕಟ್ಟೆ ಮಾಡಿಕೊಟ್ಟವನ ಮನೆಯಲ್ಲಿ ಬಿರುಕುಬಿಟ್ಟ ಸಿಮೆಂಟಿನ ಕಟ್ಟೆ. ದೀಪದ ಕೆಳಗೆ ಕತ್ತಲೆ ಅನ್ನುವುದು ಇದಕ್ಕೇ. ಹೆಂಡತಿಗೆಂದು ಒಂದು ಹಲಗೆ ಮಾತ್ರ ಮದುವೆಯಾದ ಹೊಸತರಿಂದಲೂ ಶೆಡ್ಡಿನ ಅಟ್ಟದಲ್ಲಿತ್ತು. ಒಂದೇ ಮರದ್ದು, ಗಂಟಿಲ್ಲದ್ದು, ಅಂಥದ್ದು ಇನ್ನು ಸಿಗುವುದಿಲ್ಲ. ಅದನ್ನು ಈಗ ಇಳಿಸಬೇಕೆಂದು ಮೇಸ್ತ್ರಿ ಹಟ ಹಿಡಿದ.

"ಗೆರೆ ನಾನು ಹಾಕ್ಕೊಡ್ತೀನಿ ಭಾವ," ಎಂದ ಮರಿ.

"ನನ್ನ ಹೆಂಡ್ತಿ ಕಟ್ಟೆಗೆ ನೀನ್ಯಾಕೋ ಗೆರೆ ಹಾಕ್ತೀಯ? ನಾನಿನ್ನೂ ಸತ್ತಿಲ್ಲ!"

"ಬಿಡೋ, ಅವರೇ ಮಾಡ್ಲಿ," ಎಂದಳು ಅಕ್ಕ. "ಅಡುಗೆಮನೆ ನಂದು. ನೀನು ಮಧ್ಯೆ ಬಾಯಿ ಹಾಕ್ಬೇಡ."

"ಆಯ್ತು. ಸರಿಯಾಗಿ ಬಂದ್ರೆ ಇನ್ಮೇಲೆ ಏನೂ ಕೇಳಲ್ಲ. ಕೆಟ್ರೆ ಗರಗಸ ಕೆಳಗಿಡ್ಬೇಕು ಭಾವ, ನೀವು."

ಮೇಸ್ತ್ರಿ ಒಪ್ಪಿಕೊಂಡ. ಗರಗಸ ಬಿಟ್ಟರೆ ಅವನ ಹತ್ತಿರ ಇನ್ನೇನಿತ್ತು?

ಅಡುಗೆಮನೆಯಲ್ಲಿ ನಲ್ಲಿ ಇದ್ದದ್ದು ಎಡಕ್ಕೆ, ಒಲೆ ಬಲಕ್ಕೆ. ಮೇಸ್ತ್ರಿ ಹಲಗೆಯನ್ನು ಮಗುಚಿ ಹಾಕಿ, ಮುಂಗಡೆ ನಿಂತು, ಎಡಗಡೆಗೇ ಸಿಂಕಿನ ಗೆರೆ ಎಳೆದ. ಬಾಗಿಲಲ್ಲಿ ನಿಂತಿದ್ದ ಮರಿ ಅದನ್ನು ಕಂಡ. ಗೆರೆ ಬಲಕ್ಕೆ ಇರಬೇಕಿತ್ತು. 'ಭಾವ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು; ಅಳಿಸುವ ರಬ್ಬರು ಮರಿಯ ಜೇಬಿನಲ್ಲೇ ಇತ್ತು. ಆದರೆ ಇವತ್ತು ಹಲಗೆ ಉಳಿದರೆ ನಾಳೆಯೂ ಗರಗಸ ಈ ಕೈಯಲ್ಲೇ ಇರುತ್ತದೆ. ಯಾವತ್ತೋ ಒಂದು ದಿನ ಬೆರಳು ಹೋಗುತ್ತದೆ, ತೊಡೆ ಹೋಗುತ್ತದೆ. ಅಕ್ಕನಿಗೆ ಹಲಗೆ ಬೇಕೋ ಗಂಡ ಬೇಕೋ? ಮರಿ ತುಟಿ ಬಿಗಿಹಿಡಿದು ನಿಂತ. ತನ್ನ ಮೇಲೆಯೇ ಅವನಿಗೆ ಹೇಸಿಗೆಯಾಯಿತು.

ಮೇಸ್ತ್ರಿ ಮೂಲೆಗಳಲ್ಲಿ ತೂತು ಕೊರೆದು ಜಿಗ್‌ಸಾ ಇಳಿಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೊಯ್ದ. ಅಷ್ಟು ಚೆಂದದ ಕೊಯ್ತವನ್ನು ಮರಿ ಅವನ ಕೈಯಲ್ಲೂ ಕಂಡಿರಲಿಲ್ಲ.

ಹಲಗೆಯನ್ನು ಇಬ್ಬರೂ ಹೊತ್ತು ತಂದು ಸಿಮೆಂಟಿನ ಮೇಲೆ ಇಟ್ಟರು. ತೂತು ಒಲೆಯ ಪಕ್ಕಕ್ಕೆ ಬಂತು. ನಲ್ಲಿಯ ಕೆಳಗೆ ಗಂಟಿಲ್ಲದ ಮರ ಫಳಫಳ ಹೊಳೆಯುತ್ತಿತ್ತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

ಮೇಸ್ತ್ರಿ ನಲ್ಲಿ ನೋಡಿದ, ತೂತು ನೋಡಿದ. ಅವನ ಮುಖದಲ್ಲಿ ಹಳೆಯ ಕೋಪ, ಹಳೆಯ ನಗು ಎರಡೂ ಒಟ್ಟಿಗೆ ಬಂದವು.

"ಯಾವ ಮುಠ್ಠಾಳ ಕೊಯ್ದಿದ್ದೋ ಇದನ್ನ? ಕೊಯ್ತ ಏನೋ ಚೆನ್ನಾಗೇ ಇದೆ. ತಲೆ ಮಾತ್ರ ಇಲ್ಲ."

ಅಕ್ಕ ತಮ್ಮನ ಮುಖ ನೋಡಿದಳು.

"ನಾನೇ ಭಾವ," ಎಂದ ಮರಿ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

"ಎಷ್ಟು ಸಲ ಹೇಳಿದೀನಿ ನಿಂಗೆ, ಮಗುಚಿದ್ರೆ ಎಡ ಬಲ ಆಗುತ್ತೆ ಅಂತ! ಇವಳಿಗೆ ಅಂತ ಇಟ್ಟಿದ್ದ ಹಲಗೆ ಕಣೋ ಇದು." ಮೇಸ್ತ್ರಿ ಹಲಗೆಯ ಮೈ ಸವರಿದ. "ಇಂಥವರ ಕೈಗೆ ಗರಗಸ ಕೊಡಬಾರದು."

"ಹೂಂ ಭಾವ," ಎಂದ ಮರಿ. "ಇನ್ಮೇಲೆ ಕೊಡಲ್ಲ."