ಮೋಂಘೀಬಾ ಮತ್ತು ಗರ್ಬಾ ಅಂಗಳದ ಉಪ್ಪುನೀರು

ಗುಜರಾತಿನ ಧ್ರಾಂಗಧ್ರಾದ ನಮ್ಮ ಓಣಿಯಲ್ಲಿ ನೀರು ಚೆಲ್ಲುವವರು ಮೋಂಘೀಬಾ ಕಣ್ಣಿಗೆ ಬೀಳಬಾರದು. ತಲೆಯ ಮೇಲೆ ಕೊಡದ ಮೇಲೆ ಕೊಡ ಹೊತ್ತು ಬೆಳೆದ ಹೆಂಗಸು ಅವರು. ಅಂಥವರ ಅಡುಗೆಮನೆಗೆ ಸೊಸೆ ಧರ್ಮಿಷ್ಠಾ ನೀರು ಸೋಸುವ ಆರ್.ಓ. ಮಷೀನು ಹಾಕಿಸಿದಳು. ಒಂದು ಕೊಡ ಸಿಹಿನೀರು ಕೊಡುವಷ್ಟರಲ್ಲಿ ಅದು ಮೂರು ಕೊಡ ಉಪ್ಪುನೀರನ್ನು ಸಣ್ಣ ಪೈಪಿನಲ್ಲಿ ಚರಂಡಿಗೆ ಬಿಡುತ್ತಿತ್ತು. ಅದನ್ನು ನೋಡಿದ ದಿನ ಮೋಂಘೀಬಾ ಊಟ ಮಾಡಲಿಲ್ಲ.

ಮರುದಿನ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಆ ಪೈಪಿಗೆ ಕಚ್ಚಿಸಿದರು. ಒಂದು ಹನಿಯೂ ಹೊರಗೆ ಹೋಗುತ್ತಿಲ್ಲವೆಂದು ಓಣಿಯೆಲ್ಲ ಜಂಭ ಕೊಚ್ಚಿಕೊಂಡರು. ಕೆಲವೇ ದಿನಗಳಲ್ಲಿ ಒಳಗೆಲ್ಲ ಉಪ್ಪು ಕಟ್ಟಿ ಮಷೀನು ನಿಂತೇಹೋಯಿತು.

"ಮಮ್ಮಿ, ಇದು ಮಷೀನು. ಬಾಯಿ ಮುಚ್ಚಿಸೋಕೆ ನಿಮ್ ಸೊಸೆ ಅಲ್ಲ!" ಎಂದಳು ಧರ್ಮಿಷ್ಠಾ.

"ನಿನ್ ಬಾಯಿ ಯಾವತ್ತೇ ಮುಚ್ಚಿತ್ತು?" ಎಂದರು ಮೋಂಘೀಬಾ.

ರಿಪೇರಿಯಾಯಿತು. ಪೈಪಿನ ಕೆಳಗೆ ಒಂದು ಡ್ರಮ್ಮು ಬಂತು. ಮೋಂಘೀಬಾ ಆ ನೀರಲ್ಲಿ ನೆಲ ಒರೆಸಿದರು, ಪಾಯಿಖಾನೆಗೆ ಸುರಿದರು, ಮಗನ ಸ್ಕೂಟರಿಗೆ ದಿನಾ ಸ್ನಾನ ಮಾಡಿಸಿದರು. ತುಳಸಿಗೆ ಹಾಕಿದ್ದು ಮಾತ್ರ ಎಡವಟ್ಟಾಯಿತು, ಗಿಡ ಸೊರಗಿತು. ಏನು ಮಾಡಿದರೂ ಡ್ರಮ್ಮು ತುಂಬಿ ಚೆಲ್ಲುವುದು ತಪ್ಪಲಿಲ್ಲ.

ಅಷ್ಟರಲ್ಲಿ ನವರಾತ್ರಿ ಹತ್ತಿರ ಬಂತು. ನಮ್ಮದು ಮಣ್ಣಿನ ಅಂಗಳ, ಕುಣಿಯುವುದು ಬರಿಗಾಲಲ್ಲಿ. ಹಿಂದಿನ ವರ್ಷ ನೀರು ಚಿಮುಕಿಸುವ ಟ್ಯಾಂಕರ್ ಬರದೆ, ಎದ್ದ ಧೂಳಿಗೆ ಅರ್ಧ ಓಣಿ ಕೆಮ್ಮಿತ್ತು. ಓಣಿಯ ಯಜಮಾನಿಕೆ ಮಾಡುವ ಗೋರ್ಧನ್‌ಭಾಯಿ ಎಲ್ಲರನ್ನೂ ಸೇರಿಸಿ, "ಈ ಸಲಾನೂ ಟ್ಯಾಂಕರ್ ಇಲ್ಲ. ಇಲ್ಲಿ ಗರ್ಬಾ ಬೇಡ, ಟಿಕೆಟ್ ತಗೊಂಡು ಪಾರ್ಟಿ ಪ್ಲಾಟಿಗೇ ಹೋಗೋಣ" ಎಂದರು.

ಬಾಡಿಗೆಯ ಆ ದೊಡ್ಡ ಮೈದಾನದಲ್ಲಿ ಹಾಡುವುದು ಸ್ಪೀಕರು. ಚಪ್ಪಾಳೆ ತಟ್ಟಿ ಹಾಡುವ ಮುದುಕಿಯರಿಗೆ ಮೂಲೆಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ನಮ್ಮ ಓಣಿಯಲ್ಲಾದರೆ ಮೊದಲ ಹಾಡು ಎತ್ತುವುದು ಮೋಂಘೀಬಾ. ಮದುವೆಯಾಗಿ ಬಂದ ವರ್ಷದಿಂದಲೂ ಹಾಗೇ. ಅವರ ಮುಖ ಬಾಡಿದ್ದನ್ನು ನನಗೆ ನೋಡಲಾಗಲಿಲ್ಲ.

ಅವರು ಒಮ್ಮೆ ಮನೆಯ ಕಡೆ ತಿರುಗಿ ನೋಡಿ, "ನೀರಿಗೆ ಯಾಕ್ರೋ ಅಳ್ತೀರಾ? ಎಲ್ಲರ ಮನೇಲೂ ಮಷೀನಿದೆ. ಚರಂಡಿಗೆ ಬಿಡೋದನ್ನ ಡ್ರಮ್ಮಿಗೆ ಹಿಡೀರಿ, ಅಂಗಳಕ್ಕೆ ಚಿಮುಕಿಸೋಣ" ಎಂದರು.

"ಮಷೀನು ಉಗುಳಿದ ನೀರನ್ನಾ?" ಗೋರ್ಧನ್‌ಭಾಯಿ ಕೈ ಮುಗಿದರು. "ದೇವಿ ಮಾತಾಜಿ ಅಂಗಳಕ್ಕೆ ಎಂಜಲು ಹಾಕ್ತೀರಾ, ಮೋಂಘೀಬಾ?"

ಮೋಂಘೀಬಾ ದಡದಡ ಒಳಗೆ ಹೋಗಿ ಅದೇ ನೀರನ್ನು ಒಂದು ಲೋಟ ತಂದು ಎಲ್ಲರೆದುರು ಗಟಗಟ ಕುಡಿದರು. ಮುಖ ಹಿಂಡಿಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು.

"ಅಯ್ಯೋ, ಇದು ನನ್ನ ತವರೂರ ಬಾವಿ ನೀರೇ ಕಣ್ರೋ! ಇದನ್ನೇ ಕುಡಿದು ಬೆಳೆದು ನಿಮ್ಮ ಓಣಿಗೆ ಬಂದೆ. ಇಷ್ಟು ವರ್ಷ ಮಾತಾಜಿ ಮುಂದೆ ನಾನು ಹಾಡಿದ್ದು ಎಂಜಲು ಬಾಯಲ್ಲೇನೋ, ಗೋರ್ಧನ್?"

ಗೋರ್ಧನ್‌ಭಾಯಿ ತಲೆ ಕೆರೆದುಕೊಂಡರು. ಮೊದಲು ಎದ್ದವಳು ಧರ್ಮಿಷ್ಠಾ. ಮನೆಯ ಡ್ರಮ್ಮನ್ನು ಎಳೆದುಕೊಂಡು ಅಂಗಳಕ್ಕೆ ತಂದಳು. ಜಗಳಗಂಟಿ ಎಂದು ನಾನು ಅಂದುಕೊಂಡಿದ್ದ ಹುಡುಗಿ ಅವಳು. ಆ ಹೊತ್ತಿಗೆ ಅವಳನ್ನು ಅಪ್ಪಿಕೊಳ್ಳೋಣ ಅನ್ನಿಸಿತು.

ಮೊದಲ ಸಂಜೆ ಎಲ್ಲ ಮನೆಯ ನೀರೂ ಅಂಗಳಕ್ಕೆ ಬಿತ್ತು. ಉಪ್ಪಿನಂಶಕ್ಕೋ ಏನೋ, ನೆಲ ಬೇಗ ಒಣಗಲಿಲ್ಲ. ಅಂಗಾಲು ತಣ್ಣಗಾಯಿತು, ಚಿಟಿಕೆ ಧೂಳೂ ಏಳಲಿಲ್ಲ. ನಡುವೆ ದೀಪದ ಮಡಕೆ ಇಟ್ಟು ಮೋಂಘೀಬಾ ಹಾಡು ಎತ್ತಿದಾಗ ನನಗೆ ಅಳುವೇ ಬಂತು. ಖುಷಿಗೆ.

ಸುದ್ದಿ ಹಬ್ಬಿ ಪಕ್ಕದ ಓಣಿಯವರೂ ಬಂದರು, ಕುಣಿಯುವ ಜಾಗ ದೊಡ್ಡದಾಯಿತು, ನೀರೂ ಹೆಚ್ಚು ಬೇಕಾಯಿತು. ಅಷ್ಟಮಿಯ ಮಧ್ಯಾಹ್ನ ಡ್ರಮ್ಮುಗಳೆಲ್ಲ ತಳ ಕಂಡವು. ಮೋಂಘೀಬಾ ಮನೆಮನೆಗೆ ನುಗ್ಗಿದರು.

"ಕುಡೀರ್ರೋ! ನೀವು ಕುಡಿದ್ರೆ ತಾನೇ ಮಷೀನು ಓಡೋದು!"

ಜಗಲಿಯಲ್ಲಿ ಕೂತ ಗೋರ್ಧನ್‌ಭಾಯಿ ಹೊಟ್ಟೆ ಹಿಡಿದುಕೊಂಡು, "ಮೋಂಘೀಬಾ, ಇನ್ನು ಆಗಲ್ಲ. ಹೊಟ್ಟೇಲಿ ಗುಳುಗುಳು ಅಂತಿದೆ, ಕುಣಿಯೋದು ಹೇಗೆ?" ಎಂದರು.

"ಕುಣಿ, ತಾನಾಗೇ ಇಳಿಯುತ್ತೆ. ಈಗ ಕುಡಿ!"

ಅಡುಗೆಮನೆಯ ಕಿಟಕಿಯಿಂದ ಧರ್ಮಿಷ್ಠಾ ಆ ಹಳೇ ಕ್ಲಿಪ್ಪನ್ನು ಎತ್ತಿ ತೋರಿಸಿದಳು. "ಮಮ್ಮಿ, ನೀರು ಬಹಳ ದಂಡ ಆಗ್ತಿದೆ. ಪೈಪಿಗೆ ಇದನ್ನ ಹಾಕ್ಲಾ?"

"ಹಾಕಿ ನೋಡು," ಎಂದರು ಮೋಂಘೀಬಾ, "ಕೈ ಮುರೀತೀನಿ!"